ಎಷ್ಟು ಬುತ್ತಿಯ ದಾರಿ

ವಿಮಾನದ ಟಿಕೆಟ್ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಗೆ ಬರುತ್ತಾರೆ. ಒಗ್ಗರಣೆ ಮಂಡಕ್ಕಿ ತಿಂದು, ಚಹಾ ಕುಡಿದು, "ಮೇಡಂ, ನಿಮ್ಮ ಅನುಭವ ಹೇಳ್ರಿ" ಅನ್ನುತ್ತಾರೆ. ಅನುಭವ ಅಂದರೆ ಅವರ ಮನಸ್ಸಿನಲ್ಲಿ ಬಡ್ತಿ, ಬಹುಮಾನ, ಫೋಟೊ. ನಮ್ಮ ಕಚೇರಿಯಲ್ಲಿ ಇದ್ದದ್ದು ಎರಡೇ ಕುರ್ಚಿ. ಒಂದರಲ್ಲಿ ಮಾಲೀಕರಾದ ಖಾದರ್ ಸಾಹೇಬರು, ಇನ್ನೊಂದರಲ್ಲಿ ನಾನು. ನನಗೆ ಬಡ್ತಿ ಸಿಗಬೇಕಾದರೆ ಅವರು ಎದ್ದುಹೋಗಬೇಕಿತ್ತು. ಭಗವಂತನ ದಯೆಯಿಂದ ಅವರು ಇವತ್ತಿಗೂ ಗಟ್ಟಿಮುಟ್ಟಾಗಿ ಅದೇ ಕುರ್ಚಿಯಲ್ಲಿ ಕೂತಿದ್ದಾರೆ. ಹಾಗಾಗಿ ಬಡ್ತಿಯ ಅಧ್ಯಾಯ ಇಲ್ಲಿಗೆ ಮುಗಿಯಿತು, ಉಳಿದದ್ದನ್ನು ಹೇಳುತ್ತೇನೆ.

ಜನ ನಮ್ಮಲ್ಲಿಗೆ ಟಿಕೆಟ್ ಕೊಳ್ಳಲು ಬರುತ್ತಾರೆ ಅಂದುಕೊಂಡಿದ್ದರೆ ಅದು ತಪ್ಪು. ಅವರು ಬರುವುದು ಒಂದು ಪ್ರಶ್ನೆ ಕೇಳಲು: "ಎಷ್ಟು ದೂರ ಐತ್ರಿ?" ಇದಕ್ಕೆ ಕಿಲೋಮೀಟರಿನಲ್ಲಿ ಉತ್ತರ ಕೊಟ್ಟರೆ ನೀವು ಈ ಕಡೆಯವರಲ್ಲ ಅಂತ ಗೊತ್ತಾಗಿಬಿಡುತ್ತದೆ. ಬಳ್ಳಾರಿಯಿಂದ ಸಿರುಗುಪ್ಪ ಎಷ್ಟು ದೂರ ಅಂದರೆ ನಾವು ತಾಸಿನಲ್ಲೇ ಹೇಳುವುದು. ದೂರವನ್ನು ಅಳೆಯುವವನು ಸರ್ವೆಯವನು, ಕಳೆಯುವವರು ನಾವು.

ಖಾದರ್ ಸಾಹೇಬರು ನನಗೆ ಮೊದಲ ದಿನವೇ ಒಂದು ಪಾಠ ಹೇಳಿದ್ದರು. "ನೋಡು ಸುಶೀಲಮ್ಮ, ಗಿರಾಕಿ ಮುಂದ ಏನರ ಹೇಳು, ಗೊತ್ತಿಲ್ಲ ಅಂತ ಮಾತ್ರ ಅನಬ್ಯಾಡ." ಅವರು ಈ ವ್ರತವನ್ನು ಒಮ್ಮೆಯೂ ಮುರಿದವರಲ್ಲ. ಅವರ ಬೆನ್ನಿನ ಹಿಂದೆ ಗೋಡೆಯ ಮೇಲೆ ಒಂದು ಪ್ರಪಂಚದ ನಕ್ಷೆ ಇತ್ತು. ಗಿರಾಕಿ ಊರಿನ ಹೆಸರು ಹೇಳಿದರೆ ಸಾಹೇಬರು ಎದ್ದು ನಿಂತು, ಹೈದರಾಬಾದಿನ ಮೇಲೆ ಹೆಬ್ಬೆರಳು ಊರಿ, ಕಿರುಬೆರಳನ್ನು ಆ ಊರಿನ ಕಡೆ ಚಾಚುತ್ತಿದ್ದರು. ಒಂದು ಗೇಣಿಗೆ ಐದು ತಾಸು. ಅರ್ಧ ಗೇಣಾದರೆ ಎರಡೂವರೆ. ಆಶ್ಚರ್ಯವೆಂದರೆ ಎಷ್ಟೋ ಸಲ ಅದು ಸರಿಹೋಗುತ್ತಿತ್ತು. ಮುಂದೆ ಆ ನಕ್ಷೆ ಮಾಸಿ ಹರಿದಾಗ ಯಾರೋ ಅದಕ್ಕಿಂತ ದೊಡ್ಡದೊಂದನ್ನು ತಂದು ಕೊಟ್ಟರು. ಸಾಹೇಬರ ಗೇಣು ಬದಲಾಗಲಿಲ್ಲ. ಮರುದಿನದಿಂದ ದುಬೈ ಇನ್ನೂ ಎರಡು ತಾಸು ದೂರ ಸರಿಯಿತು. ಅಮೆರಿಕಕ್ಕೆ ಹೋಗುವವರಂತೂ ಒಂದು ದಿನ ಮೊದಲೇ ಹೊರಡಬೇಕಾಯಿತು.

ಆಗ ಟಿಕೆಟ್ಟನ್ನು ಕೈಯಲ್ಲೇ ಬರೆಯುತ್ತಿದ್ದೆವು. ಹಾಳೆಯ ಹಿಂದೆ ಕೆಂಪು ಕಾರ್ಬನ್ ಇರುತ್ತಿತ್ತು. ಸಂಜೆ ಮನೆಗೆ ಹೋಗುವಾಗ ಗೋರಂಟಿ ಹಚ್ಚಿದಂತಿದ್ದ ನನ್ನ ಬೆರಳು ನೋಡಿದವರು ಎಲ್ಲೋ ಮದುವೆ ಮನೆಗೆ ಹೋಗಿ ಬಂದಿದ್ದಾಳೆ ಅಂದುಕೊಳ್ಳಬೇಕು, ಹಾಗೆ. ವಿಮಾನ ಹೊರಡುವ ಹೊತ್ತು, ಮುಟ್ಟುವ ಹೊತ್ತು ಎರಡನ್ನೂ ಆಯಾ ಊರಿನ ಗಡಿಯಾರದ ಪ್ರಕಾರ ಬರೆಯುತ್ತಿದ್ದೆವು. ನಮಗೆ ಅದು ಗೊತ್ತಿತ್ತು, ಗಿರಾಕಿಗೆ ಹೇಳಬೇಕು ಅನ್ನುವುದು ಗೊತ್ತಿರಲಿಲ್ಲ. ಹಜ್ ಮುಗಿಸಿ ಬಂದ ಸಿರುಗುಪ್ಪದ ಹಿರಿಯರೊಬ್ಬರು ಖರ್ಜೂರ ಕೊಡಲು ಬಂದವರು ಟಿಕೆಟ್ಟನ್ನು ಮುಂದಿಟ್ಟು ಕೇಳಿದರು: "ಹೋಗಾಕ ಮೂರು ತಾಸು ಹಿಡದೈತಿ, ಬರಾಕ ಎಂಟು ತಾಸು. ಬರೋವಾಗ ಏರು ಐತೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಖಾದರ್ ಸಾಹೇಬರು "ಹೌದ್ರಿ ಹಾಜಿಸಾಬ್, ಏರು ಐತಿ" ಅಂದುಬಿಟ್ಟರು. ಹಿರಿಯರು ತಲೆದೂಗಿದರು. ಪುಣ್ಯಭೂಮಿಗೆ ಹೋಗುವುದು ಇಳಿಜಾರು, ಸಂಸಾರಕ್ಕೆ ಮರಳುವುದು ಏರು ಅಂತ ಅವರು ಆಮೇಲೆ ಊರಲ್ಲೆಲ್ಲ ಹೇಳಿದರಂತೆ. ನಮ್ಮ ಕಚೇರಿಯಿಂದ ಹೊರಬಿದ್ದ ವೇದಾಂತ ಅದೊಂದೇ.

ರಾತ್ರಿಯ ಲೆಕ್ಕವೂ ಹಾಗೆಯೇ. ವಿಮಾನದವರಿಗೆ ಮಧ್ಯರಾತ್ರಿ ದಾಟಿದರೆ ಮಂಗಳವಾರ. ನಮ್ಮವರಿಗೆ ಬೆಳಕು ಹರಿಯುವ ತನಕ ಸೋಮವಾರವೇ. ಅಕ್ಕಿ ವ್ಯಾಪಾರಿಯೊಬ್ಬರು ಹಾರ, ಶಾಲು, ಬೀಗರು ಸಮೇತ ಬೀಳ್ಕೊಡುಗೆ ಮಾಡಿಸಿಕೊಂಡು ನಿಲ್ದಾಣ ಮುಟ್ಟಿದಾಗ ಅವರ ವಿಮಾನ ಹೋಗಿ ಒಂದು ದಿನವಾಗಿತ್ತು. ಆ ಹಾರ ಹಾಕಿಕೊಂಡೇ ಅವರು ನಮ್ಮ ಕಚೇರಿಗೆ ಬಂದರು. ಅಂದಿನಿಂದ ನಾನು ಟಿಕೆಟ್ಟಿನ ಮೇಲೆ ಕನ್ನಡದಲ್ಲಿ ಬರೆಯತೊಡಗಿದೆ: 'ಸೋಮವಾರ ರಾತ್ರಿಯ ಊಟ ಮಾಡಿ ವಿಮಾನ ಹತ್ತುವುದು.' ಊಟದ ಲೆಕ್ಕ ತಪ್ಪುವವರನ್ನು ನಾನು ಇನ್ನೂ ಕಂಡಿಲ್ಲ.

ಆದರೆ ಈ ವಿಷಯದಲ್ಲಿ ನನ್ನ ಗುರು ಹುಲಿಗೆಮ್ಮಜ್ಜಿ. ಆಕೆಗೆ ಮಗನ ಮನೆ ಕೊಳಗಲ್ಲು, ಮಗಳ ಮನೆ ಕುರುಗೋಡು. ಎರಡೂ ಕಡೆ ಜಗಳವಾಡಿಕೊಂಡು ಆರಾಮಾಗಿ ಇದ್ದವಳು. ಊರಿನವರ ಜೊತೆ ವಿಮಾನದಲ್ಲಿ ಕಾಶಿಗೆ ಹೋಗುವುದಾಯಿತು. ಟಿಕೆಟ್ ಕೈಗೆ ಕೊಟ್ಟು ನಾನು ತಾಸು, ನಿಮಿಷ ಎಲ್ಲ ವಿವರಿಸಿದೆ. ಅಜ್ಜಿ ಎಲ್ಲ ಕೇಳಿ, "ಅದೆಲ್ಲ ಬಿಡು ತಾಯಿ. ಎಷ್ಟು ಬುತ್ತಿ ದಾರಿ ಐತಿ? ಅಷ್ಟು ಹೇಳು" ಅಂದಳು. ಎಷ್ಟು ಹೊತ್ತಿನ ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ ಕಟ್ಟಿಕೊಳ್ಳಬೇಕು ಅನ್ನುವುದು ಅವಳ ಪ್ರಶ್ನೆ. ಮನೆಯ ಹೊಸ್ತಿಲು ದಾಟಿ, ಬಸ್ಸು, ಕಾಯುವುದು, ವಿಮಾನ, ಮತ್ತೆ ಕಾಯುವುದು, ಆಟೋ ಎಲ್ಲ ಸೇರಿಸಿ ಲೆಕ್ಕ ಹಾಕಿದೆ. "ಎರಡು ಬುತ್ತಿ, ಅಜ್ಜಿ." ಅದು ಒಂದು ರೊಟ್ಟಿಯೂ ಹೆಚ್ಚುಕಮ್ಮಿಯಾಗಲಿಲ್ಲ. ವಿಮಾನದ ಕಂಪನಿಗಳು ತಾವು ಹಾರಿದ ಹೊತ್ತನ್ನು ಮಾತ್ರ ಎಣಿಸುತ್ತವೆ, ಹೊಟ್ಟೆ ಎಲ್ಲವನ್ನೂ ಎಣಿಸುತ್ತದೆ. ಹೊಸ ಹುಡುಗಿಯರಿಗೆ ನಾನು ಹೇಳುವ ಪಾಠ ಇದೊಂದೇ. ಅವರು ನಗುತ್ತಾರೆ, ಬರೆದುಕೊಳ್ಳುವುದಿಲ್ಲ.

ಆಮೇಲೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಎಲ್ಲರ ಕೈಗೂ ಫೋನು ಬಂತು. ಎರಡು ಊರಿನ ಹೆಸರು ಹಾಕಿದರೆ ಸಾಕು, ನಡುವಿನ ದೂರ ಎಷ್ಟು, ವಿಮಾನಕ್ಕೆ ಎಷ್ಟು ತಾಸು ಅಂತ ಹೇಳುವ ಪುಟಗಳು ಅದರಲ್ಲಿ ಹುಟ್ಟಿಕೊಂಡವು. ಆ ಎರಡು ಊರಿನ ನಡುವೆ ವಿಮಾನ ಇದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ. ಭೂಮಿಯ ಮೇಲೆ ಒಂದು ದಾರ ಎಳೆಯುವುದು, ವಿಮಾನದ ವೇಗದಿಂದ ಭಾಗಿಸುವುದು, ಮುಗಿಯಿತು. ಖಾದರ್ ಸಾಹೇಬರ ಗೇಣಿಗೂ ಇದಕ್ಕೂ ವ್ಯತ್ಯಾಸ ಇಷ್ಟೇ: ಗೇಣನ್ನು ನೋಡಿದವರು ಮನಸ್ಸಿನೊಳಗಾದರೂ ಸ್ವಲ್ಪ ಅನುಮಾನ ಪಡುತ್ತಿದ್ದರು.

ಈ ಲೆಕ್ಕ ಒಂದು ಮದುವೆಯನ್ನೇ ಮುರಿಯಲು ಹೊರಟ ಕಥೆಯನ್ನು ಹೇಳಿಬಿಡುತ್ತೇನೆ. ನಾನು ಕೆಲಸ ಬಿಡುವ ಹಿಂದಿನ ವರ್ಷದ ಮಾತು.

ರಾರಾವಿಯ ನಾಗರಾಜ ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಫಿಟರ್. ಭತ್ತ ಬೆಳೆಯುವ ದೇಶ ಯಾವುದಿದ್ದರೂ ಗಿರಣಿ ಕೂರಿಸಲು ಇಂಥವರು ಬೇಕು. ಅವನನ್ನು ಆಫ್ರಿಕಾದ ಘಾನಾ ದೇಶದ ತಮಾಲೆ ಅನ್ನುವ ಊರಿಗೆ ಕಳಿಸಿದ್ದರು. ಅವನಿಗೆ ನಿಶ್ಚಯವಾಗಿದ್ದ ಹುಡುಗಿ ಕುರುಗೋಡಿನ ರತ್ನ, ನಮ್ಮ ಹುಲಿಗೆಮ್ಮಜ್ಜಿಯ ಮೊಮ್ಮಗಳು. ತಂದೆ ಇಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಇಬ್ಬರೂ ಒಪ್ಪಿಕೊಂಡ ಸಂಬಂಧ. ಒಪ್ಪದವನು ಒಬ್ಬನೇ, ಕೊಳಗಲ್ಲಿನಲ್ಲಿದ್ದ ರತ್ನಳ ಸೋದರಮಾವ, ಅಜ್ಜಿಯ ಮಗ ದೊಡ್ಡಬಸಪ್ಪ. ಅಕ್ಕನ ಮಗಳು ತನ್ನ ಮಗ ಪಂಪಾಪತಿಗೇ ಸಲ್ಲಬೇಕು ಅನ್ನುವುದು ಅವನ ಹಟ. ಸೋದರಮಾವನ ಮಾತು ಮೀರಿ ನಮ್ಮಲ್ಲಿ ಚಪ್ಪರದ ಕಂಬವನ್ನೂ ನೆಡುವಂತಿಲ್ಲ. ನಾಲ್ಕು ಜನ ಹಿರಿಯರು ಹೇಳಿದ್ದಕ್ಕೆ ಅವನು ಹಲ್ಲು ಕಚ್ಚಿ ಹೂಂ ಅಂದಿದ್ದ, ಒಂದು ಷರತ್ತು ಹಾಕಿ: ಅರಿಶಿಣದ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಹುಡುಗ ಎದುರಿಗೆ ಇರಬೇಕು. ಇಲ್ಲದಿದ್ದರೆ ಹಚ್ಚುವ ಅರಿಶಿಣ ಪಂಪಾಪತಿಗೆ.

ನಾಗರಾಜನ ಟಿಕೆಟ್ ಮಾಡಿದವಳು ನಾನು. ತಮಾಲೆಯಿಂದ ಚಿಕ್ಕ ವಿಮಾನದಲ್ಲಿ ಅಕ್ರಾ, ಅಲ್ಲಿಂದ ಅದಿಸ್ ಅಬಾಬಾ, ಅಲ್ಲಿಂದ ಬೆಂಗಳೂರು, ಮುಂದೆ ಕಾರು. ಅರಿಶಿಣದ ಹಿಂದಿನ ದಿನವೇ ಮನೆ ಸೇರುವಂತೆ ಮಾಡಿದ್ದೆ. ಆ ದಿನ ಅವನು ಬರಲಿಲ್ಲ. ಫೋನು ಹತ್ತುತ್ತಿರಲಿಲ್ಲ. ಅರಿಶಿಣದ ದಿನ ಬೆಳಿಗ್ಗೆ ಕಂಪ್ಯೂಟರಿನಲ್ಲಿ ನೋಡಿದೆ. ಅಕ್ರಾದಿಂದ ಹೊರಟ ವಿಮಾನ ತಡವಾಗಿ, ಅದಿಸ್ ಅಬಾಬಾದಲ್ಲಿ ಮುಂದಿನದು ತಪ್ಪಿ, ಅವನನ್ನು ಅದರ ನಂತರದ ವಿಮಾನಕ್ಕೆ ಹಾಕಿದ್ದರು. ಅದನ್ನು ಹತ್ತಿದನೋ ಇಲ್ಲವೋ ಅಂತ ಕಂಪ್ಯೂಟರ್ ಹೇಳಲಿಲ್ಲ. ಅಷ್ಟರಲ್ಲಿ ಕುರುಗೋಡಿನಿಂದ ಕರೆ ಬಂತು. ಟಿಕೆಟ್ ಮಾಡಿದಾಕಿ ಬಂದು ಹಿರಿಯರ ಮುಂದೆ ಹೇಳಬೇಕು ಅಂತ ದೊಡ್ಡಬಸಪ್ಪ ಪಟ್ಟು ಹಿಡಿದಿದ್ದಾನೆ ಅಂದರು.

"ಹೋಗಿ ಬಾ ಸುಶೀಲಮ್ಮ" ಅಂದರು ಖಾದರ್ ಸಾಹೇಬರು. "ಪಾಪ, ಆ ಹುಡುಗಿ ಬಾಳೇ ಐತಿ. ಬೇಕಾದ್ರ ನಕ್ಷೆ ಬಿಚ್ಚಿಕೊಡ್ತೀನಿ, ತಗೊಂಡು ಹೋಗು."

ನಕ್ಷೆ ಬಿಟ್ಟು ಹೋದೆ. ಚಪ್ಪರದ ಕೆಳಗೆ ಜಮಖಾನೆಯ ಮೇಲೆ ಹಿರಿಯರು ಕೂತಿದ್ದರು. ದೊಡ್ಡಬಸಪ್ಪ ನಡುವೆ ಕೂತು ಫೋನನ್ನು ಎಲ್ಲರಿಗೂ ಒಂದೊಂದು ಸುತ್ತು ತೋರಿಸುತ್ತಿದ್ದ. ಒಳಬಾಗಿಲಲ್ಲಿ ರತ್ನಳ ತಾಯಿ ಈರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಬರ್ರಿ ಬರ್ರಿ, ವಿಮಾನದಕ್ಕ" ಅಂದ ದೊಡ್ಡಬಸಪ್ಪ. "ಇದನ್ನ ನೋಡ್ರಿ. ತಮಾಲೆಯಿಂದ ಬಳ್ಳಾರಿಗೆ ಹತ್ತು ತಾಸು ಅಂತ ಐತಿ. ಅಂವ ಹೊಂಟು ಎರಡು ದಿನ ಆತು. ಇದೇನು ತಮಾಲೆನೋ, ತಮಾಷೆನೋ? ಹುಡುಗ ಬರಾಂವ ಅಲ್ಲ, ಅಲ್ಲೇ ಯಾರನ್ನೋ ಮಾಡಿಕೊಂಡಾನ ಅಂತ ಹೇಳಿಬಿಡ್ರಿ."

"ಬಳ್ಳಾರಿಗೆ ಅಲ್ಲಿಂದ ವಿಮಾನ ಎಲ್ಲೈತಿ ಬಸಪ್ಪನೋರ?"

"ಬಳ್ಳಾರ್ಯಾಗ ವಿಮಾನ ನಿಲ್ದಾಣ ಐತೋ ಇಲ್ಲೋ?"

"ನಿಲ್ದಾಣ ಐತಿ."

"ತಮಾಲ್ಯಾಗ?"

"ಅಲ್ಲೂ ಐತಿ."

"ಮತ್ತ! ಆ ಕಡೆ ನಿಲ್ದಾಣ ಐತಿ, ಈ ಕಡೆ ನಿಲ್ದಾಣ ಐತಿ, ನಡುವ ಆಕಾಶ ಐತಿ. ಅಡ್ಡ ಬಂದಿದ್ದು ಏನು?"

ಇಷ್ಟು ವರ್ಷದ ಕೆಲಸದಲ್ಲಿ ಇಂಥ ಒಳ್ಳೆಯ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಹಿರಿಯರೆಲ್ಲ ನನ್ನ ಮುಖ ನೋಡಿದರು. ನಾನು ಜಾಣತನ ಮಾಡಿ, "ಕುರುಗೋಡಿಂದ ರಾರಾವಿಗೆ ಕಾಗಿ ಎಷ್ಟೊತ್ತಿಗೆ ಹೋಗ್ತೈತಿ? ನೀವು ಬಳ್ಳಾರಿಗೆ ಹೋಗಿ, ಬಸ್ ಬದಲಿಸಿ, ಸಿರುಗುಪ್ಪದಾಗ ಇಳಿದು ಎಷ್ಟೊತ್ತಿಗೆ ಹೋಗ್ತೀರಿ? ಫೋನ್ ಹೇಳೋದು ಕಾಗಿ ಲೆಕ್ಕ" ಅಂದೆ.

"ನಾನ್ಯಾಕ ಕಾಗಿ ಆಗ್ಲಿ? ನಮ್ಮ ಮಂದಿ ಅರಿಶಿಣದ ದಿನ ಕಾಗಿ ಹೆಸರು ಎತ್ತಂಗಿಲ್ಲ" ಅಂದ ಅವನು. ಹಿರಿಯರಲ್ಲಿ ಇಬ್ಬರು ಹೌದೌದು ಅಂದರು. ನನ್ನ ಜಾಣತನ ಅಲ್ಲಿಗೆ ಮಣ್ಣುಪಾಲಾಯಿತು.

ಮೂಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ಹುಲಿಗೆಮ್ಮಜ್ಜಿ ತಲೆ ಎತ್ತಿದಳು. "ಲೇ ಬಸಪ್ಪ, ಸುಮ್ನ ಕೂಡು. ನಾ ಕೇಳ್ತೀನಿ. ತಾಯಿ, ಎಷ್ಟು ಬುತ್ತಿ ದಾರಿ ಅದು?"

ನಾನು ಬೆರಳು ಮಡಚಿದೆ. ತಮಾಲೆಯಲ್ಲಿ ಬಿಚ್ಚಿದ್ದು ಒಂದು ಬುತ್ತಿ. ಅಕ್ರಾದಲ್ಲಿ ಕಾದು ಕೂತಾಗ ಇನ್ನೊಂದು. ಅದಿಸ್ ಅಬಾಬಾದಲ್ಲಿ ವಿಮಾನ ತಪ್ಪಿದ್ದಕ್ಕೆ ಎರಡು. ಬೆಂಗಳೂರಿನಲ್ಲಿ ಇಳಿದರೆ ಒಂದು. "ಐದು ಬುತ್ತಿ, ಅಜ್ಜಿ. ಮೂರರ ಲೆಕ್ಕದಾಗ ಹೊಂಟಿದ್ದ, ಎರಡು ಜಾಸ್ತಿ ಆತು."

ಅಜ್ಜಿ ಅಡಿಕೆ ಬಾಯಿಗೆ ಹಾಕಿಕೊಂಡಳು. "ಶ್ರೀಶೈಲಕ್ಕ ನಡಕೊಂತ ಹೋದಾಗ ನಮಗ ಇದರ ನಾಕು ಪಟ್ಟು ಹಿಡದಿತ್ತು. ಆಫ್ರಿಕಾ ಹತ್ತರನ ಐತಿ ಬಿಡ್ರಿ. ಐದು ಬುತ್ತಿ ದಾರ್ಯಾಗ ಎರಡು ಬುತ್ತಿ ಹೆಚ್ಚು ಕಮ್ಮಿ ಆಗೂದ."

ಹಿರಿಯರಿಗೆ ಇದು ತಟ್ಟನೆ ತಿಳಿಯಿತು. ಶ್ರೀಶೈಲಕ್ಕೆ ಅವರೂ ನಡೆದವರೇ. ಒಬ್ಬರು ತಾವು ದಾರಿಯಲ್ಲಿ ಜ್ವರ ಬಂದು ಮಲಗಿದ್ದನ್ನು ಹೇಳತೊಡಗಿದರು. ಹುಡುಗ ಓಡಿಹೋಗಿದ್ದಾನೆ ಅನ್ನುವ ಮಾತು ಅಲ್ಲಿಗೆ ಬಿತ್ತು. ಆದರೆ ದೊಡ್ಡಬಸಪ್ಪ ಬೀಳಲಿಲ್ಲ. "ಆತು, ಬುತ್ತಿ ಲೆಕ್ಕನ ಇರ್ಲಿ. ದೀಪ ಹಚ್ಚೋ ಹೊತ್ತಿಗೆ ಅಂತ ಮಾತಾಗೈತಿ. ಆ ಹೊತ್ತಿಗೆ ಅಂವ ಇದ್ರ ಅವಗ, ಇಲ್ಲಂದ್ರ ನನ್ನ ಮಗಗ. ಅವ್ವ, ಇದಕ್ಕ ನೀನೂ ಹೂಂ ಅಂದೀದಿ." ಅಜ್ಜಿ ಹೌದೆಂದು ತಲೆಯಾಡಿಸಿದಳು. ಅವನು ಅಲ್ಲೇ ಕೂತು ಕೊಳಗಲ್ಲಿಗೆ ಫೋನು ಹಚ್ಚಿದ. "ಲೇ ಪಂಪ, ಹೊಸ ಅಂಗಿ ಹಾಕ್ಕೊಂಡು ಹೊಂಡು. ಅರ್ಧ ತಾಸಿನ್ಯಾಗ ಇಲ್ಲಿರಬೇಕು."

ನೀರು ಕುಡಿಯಲು ಹಿತ್ತಲಿಗೆ ಹೋದರೆ ಅಲ್ಲಿ ರತ್ನ ಒಬ್ಬಳೇ ಕಲ್ಲಿನ ಮೇಲೆ ಕೂತಿದ್ದಳು. ಕೈಗೆ ಹಸಿರು ಬಳೆ ಹಾಕಿದ್ದರು. ನನ್ನ ಕೈ ಹಿಡಿದುಕೊಂಡಳು.

"ಪಂಪ ಕೆಟ್ಟಾಂವ ಅಲ್ರಿ ಅಕ್ಕಾ. ನಾವಿಬ್ರೂ ಕೂಡೇ ಆಡಿ ಬೆಳದೀವಿ. ಆದ್ರ ಅವಗ ಅಪ್ಪಗ ಇಲ್ಲ ಅನ್ನೋದು ಗೊತ್ತ ಇಲ್ಲ. ಬಾ ಅಂದ್ರ ಬರ್ತಾನ, ಕೂಡು ಅಂದ್ರ ಕೂಡ್ತಾನ, ತಾಳಿ ಕಟ್ಟು ಅಂದ್ರ ಕಟ್ಟಿಬಿಡ್ತಾನ. ಅದಕ್ಕ ನನಗ ಅಂಜಿಕಿ." ಹಿಡಿದ ಕೈ ಬಿಡದೆ ಕೇಳಿದಳು, "ಖರೆ ಹೇಳ್ರಿ. ಸಂಜಿ ಒಳಗ ನಾಗರಾಜ ಬರ್ತಾನ?"

"ಗೊತ್ತಿಲ್ಲ ರತ್ನ" ಅಂದೆ. ಖಾದರ್ ಸಾಹೇಬರ ಕಚೇರಿಯ ಮರ್ಯಾದೆ ಆ ಹಿತ್ತಲಲ್ಲಿ ಹೋಯಿತು. ನನಗೆ ಬೇರೆ ಏನು ಹೇಳಲೂ ಮನಸ್ಸು ಬರಲಿಲ್ಲ. ಪರದೇಶದಲ್ಲಿ ಯಾವುದೋ ಯಂತ್ರ ತಡ ಮಾಡಿದ್ದಕ್ಕೆ ಈ ಹುಡುಗಿಯ ಜೀವನ ಇನ್ನೊಂದು ಮನೆಗೆ ತಿರುಗಿಬಿಡುತ್ತದಲ್ಲ ಅಂದುಕೊಂಡೆ.

ಮಧ್ಯಾಹ್ನದ ಊಟ ಯಾರಿಗೂ ಸೇರಲಿಲ್ಲ, ದೊಡ್ಡಬಸಪ್ಪನೊಬ್ಬನನ್ನು ಬಿಟ್ಟು. ಊಟ ಮುಗಿದ ಮೇಲೆ ಈರಮ್ಮನ ಫೋನು ಸದ್ದು ಮಾಡಿತು. ಗೊತ್ತಿಲ್ಲದ ನಂಬರು. ನಾಗರಾಜ ಕಾರಿನ ಡ್ರೈವರನ ಫೋನಿನಿಂದ ಮಾತಾಡುತ್ತಿದ್ದ. "ಅತ್ತಿ, ನನ್ನ ಫೋನ್ ಸತ್ತೈತಿ. ಚಳ್ಳಕೆರೆ ದಾಟೀವಿ." ಈರಮ್ಮ ಅಲ್ಲೇ ಕುಸಿದು ಕೂತು ಅತ್ತಳು.

"ಚಳ್ಳಕೆರೆ ಅಂದ್ರ ದೂರ ಆತು" ಅಂದ ದೊಡ್ಡಬಸಪ್ಪ, ಬಿಸಿಲನ್ನು ನೋಡುತ್ತ. "ಬಳ್ಳಾರಿ ಊರೊಳಗಿನ ಗದ್ದಲ ಬ್ಯಾರೆ ಐತಿ. ನಮ್ಮ ಕೊಳಗಲ್ಲು ಇಲ್ಲೇ." ಫೋನು ಹಚ್ಚಿದ. "ಲೇ ಪಂಪ, ಎಲ್ಲದೀದಿ?"

"ದಾರ್ಯಾಗ ಅದೀನಿ ಅಪ್ಪಾ" ಅನ್ನುವುದು ನಮಗೂ ಕೇಳಿಸಿತು.

ಬಿಸಿಲು ಚಪ್ಪರದ ಕಂಬ ದಾಟಿತು. ಮತ್ತೆ ಫೋನು. ದಾರ್ಯಾಗ ಅದೀನಿ ಅಪ್ಪಾ. ನೆರಳು ಬೀದಿಯ ಆ ಕಡೆಗೆ ಹೋಯಿತು. ದೊಡ್ಡಬಸಪ್ಪನ ದನಿ ಏರಿತು. "ಏನಾಗೇತಿ ಲೇ ಆ ದಾರಿಗೆ? ಕೊಳಗಲ್ಲಿಗೂ ಕುರುಗೋಡಿಗೂ ನಡುವ ಸಮುದ್ರ ಬಂದೈತೇನು?" ಮಗ ಏನೋ ಹೇಳಿದ. "ಜಲ್ದಿ ಬಾ" ಅಂತ ಕಿರುಚಿ ಅವನು ಫೋನನ್ನು ಜಮಖಾನೆಯ ಮೇಲೆ ಒಗೆದ. ಈರಮ್ಮ ದೇವರ ಕೋಣೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು.

ದನಗಳು ಮನೆಗೆ ಬರುವ ಹೊತ್ತಿಗೆ ಧೂಳೆಬ್ಬಿಸಿಕೊಂಡು ಕಾರೊಂದು ಬಂದು ನಿಂತಿತು. ನಾಗರಾಜ ಇಳಿದ. ಮೂರು ದಿನದ ಗಡ್ಡ, ಮಾಸಿದ ಅಂಗಿ, ಕೈಯಲ್ಲಿ ಒಂದು ನೀರಿನ ಬಾಟಲಿ. ಪೆಟ್ಟಿಗೆ ಇನ್ನೂ ಅದಿಸ್ ಅಬಾಬಾದಲ್ಲೇ ಇತ್ತು. ಹಿರಿಯರಿಗೆ ಕೈ ಮುಗಿದು, "ಇವತ್ತು ಯಾವ ವಾರ?" ಅಂತ ಕೇಳಿದ. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಈರಮ್ಮ ದೀಪ ಹಚ್ಚಿದಳು. ಅವನನ್ನು ಹಾಗೆಯೇ ಮಣೆಯ ಮೇಲೆ ಕೂರಿಸಿ, ಆ ಧೂಳಿನ ಮೇಲೆಯೇ ಅರಿಶಿಣ ಹಚ್ಚಿದರು. ಮೊದಲ ಬೊಗಸೆಯನ್ನು ಹಚ್ಚಿದವಳು ಹುಲಿಗೆಮ್ಮಜ್ಜಿ. ನನಗೆ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡುವ ಗೋಜಿಗೆ ನಾನು ಹೋಗಲಿಲ್ಲ.

ಊಟಕ್ಕೆ ಎಲೆ ಹಾಕಿದಾಗ ಪಂಪಾಪತಿ ಚಪ್ಪರದೊಳಗೆ ಬಂದ. ಹೊಸ ಅಂಗಿಯ ಇಸ್ತ್ರಿ ಒಂದಿಷ್ಟೂ ಕೆಟ್ಟಿರಲಿಲ್ಲ. ದೊಡ್ಡಬಸಪ್ಪ ಎದ್ದು ನಿಂತ.

"ಬಸ್ ಸಿಗಲಿಲ್ಲ ಅಪ್ಪಾ" ಅಂದ ಪಂಪಾಪತಿ. ಅವನ ಕೈಯಲ್ಲಿ ಬೈಕಿನ ಚಾವಿ ಇತ್ತು.

ತಂದೆ ಚಾವಿಯನ್ನು ನೋಡಿದ, ಮಗನನ್ನು ನೋಡಿದ. ಆ ಹೊತ್ತಿಗೆ ಮೈಯೆಲ್ಲ ಅರಿಶಿಣವಾಗಿದ್ದ ರತ್ನ ಒಳಗಿನಿಂದ ಒಂದು ಚೊಂಬು ನೀರು ಹಿಡಿದು ಬಂದಳು.

"ಪಂಪಣ್ಣಾ, ಕೈಕಾಲು ತೊಳ್ಕೊ, ಉಣ್ಣಾಕ ಕೂಡು."

ಸೋದರಮಾವನ ಮಗನನ್ನು ನಮ್ಮ ಸೀಮೆಯಲ್ಲಿ ಯಾವ ಹುಡುಗಿಯೂ ಅಣ್ಣ ಅನ್ನುವುದಿಲ್ಲ. ಅಂದ ಮೇಲೆ ಅವನಿಗೆ ಅವಳನ್ನು ಕೇಳುವ ಹಕ್ಕು ಉಳಿಯುವುದಿಲ್ಲ. ಚಪ್ಪರದಲ್ಲಿದ್ದವರೆಲ್ಲರ ಕಿವಿಗೂ ಅದು ಬಿತ್ತು, ದೊಡ್ಡಬಸಪ್ಪನ ಕಿವಿಗೂ ಬಿತ್ತು. ಪಂಪಾಪತಿ ಚಾವಿಯನ್ನು ಜೇಬಿಗೆ ಹಾಕಿಕೊಂಡು ಚೊಂಬಿಗೆ ಕೈ ಚಾಚಿದ.

"ಬಂದೆ ತಂಗೀ" ಅಂದ.